ಅತ್ತೆಯ ವಿಕಿಯಲ್ಲಿ ‘ಅಪ್ಪ’ ಎಂಬ ಪುಟ

ಸತ್ತವರ ನಂಬರನ್ನು ಬದುಕಿರುವವರಿಗೆ ಕೊಡಬಾರದು ಎಂಬುದು ನಮ್ಮ ಅತ್ತೆಯ ಕಾನೂನು. ಅತ್ತೆ ಎಂದರೆ ಅಪ್ಪನ ತಂಗಿ. ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ರೋಗಿಗಳ ಫೈಲುಗಳನ್ನಿಡುವ ರೆಕಾರ್ಡ್ ರೂಮಿನಲ್ಲಿ, ಮೂವತ್ತೊಂದು ವರ್ಷ ದುಡಿದವಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಎರಡು ಟ್ಯೂಬ್‌ಲೈಟು, ಒಂದು ಗೋಡೆ ಫ್ಯಾನು, ಸೂರು ಮುಟ್ಟುವ ಕಬ್ಬಿಣದ ರ‍್ಯಾಕುಗಳು, ಮತ್ತು ಧೂಳು. ಮೇಲಿನ ವಾರ್ಡುಗಳ ಡಾಕ್ಟರುಗಳಿಗೆ ಅವಳ ಮುಖದ ಗುರುತಿರಲಿಲ್ಲ, ಸೀನಿನ ಗುರುತಿತ್ತು. ಫೋನೆತ್ತಿದ ಕೂಡಲೇ ಎರಡು ಸಲ ಸೀನಿ, ಆಮೇಲೆ "ನಂಬರ್ ಹೇಳಿ" ಎನ್ನುತ್ತಿದ್ದಳು. ರೋಗಿಯ ಹೆಸರು ಹೇಳಲು ಹೋದರೆ ಫೋನಿಟ್ಟುಬಿಡುತ್ತಿದ್ದಳು. ಒಂದು ಹೆಸರಿನವರು ನೂರು ಜನ ಇರುತ್ತಾರೆ, ಒಂದು ನಂಬರಿನವರು ಒಬ್ಬರೇ ಎಂದು ಅವಳ ವಾದ.

ನಾವು ನಗುತ್ತಿದ್ದೆವು. ಅವಳು ಒಬ್ಬಳೇ ಇದ್ದದ್ದು ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಬ್ಬ ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಅಡುಗೆಮನೆಯ ಪ್ರತಿ ಡಬ್ಬದ ಮೇಲೂ ಚೀಟಿ. ಯಾವುದೋ ಸಾಮಾನು ಮುಗಿದುಹೋಗಿ ಮತ್ತೆ ತರುವುದಿಲ್ಲ ಎಂದಾದರೆ ಆ ಡಬ್ಬಕ್ಕೆ ಬೇರೆ ಯಾವುದನ್ನೂ ತುಂಬುವಂತಿರಲಿಲ್ಲ. ಅದು ಹಾಗೇ ಖಾಲಿ ಕೂತಿರಬೇಕು. "ಡಬ್ಬಕ್ಕೂ ಪಿಂಚಣಿ ಕೊಡ್ತೀಯಾ ಅತ್ತೆ?" ಎಂದು ನನ್ನ ತಮ್ಮ ರೇಗಿಸುತ್ತಿದ್ದ. ಆಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕವರಲ್ಲಿ ನಾನೂ ಒಬ್ಬಳು. ಈಗ ಅದನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಅವಳ ಕಾನೂನಿಗೆ ಕಾರಣವಿತ್ತು. ಅವಳ ನೌಕರಿಯ ಕೊನೆಯ ವರ್ಷಗಳಲ್ಲಿ ಬಂದ ಹೊಸ ಮೇಲಧಿಕಾರಿ, ಜಾಗ ಉಳಿಸಲೆಂದು, ತೀರಿಕೊಂಡ ರೋಗಿಗಳ ನಂಬರುಗಳನ್ನು ಹೊಸಬರಿಗೆ ಹಂಚಲು ಶುರುಮಾಡಿದ. ಬೇಡವೆಂದು ಅತ್ತೆ ಮೂರು ಸಲ ಬರೆದುಕೊಟ್ಟಳು. ಅವನು ಮೂರು ಕಾಗದವನ್ನೂ ಮೂಲೆಗೆ ಹಾಕಿದ. ಆಮೇಲೆ ಒಂದು ಮಧ್ಯಾಹ್ನ, ಆಪರೇಷನ್ ಟೇಬಲ್ ಮೇಲಿದ್ದ ಒಬ್ಬ ಹೆಂಗಸಿಗೆ ಬೇರೆ ಗುಂಪಿನ ರಕ್ತ ಹೋಯಿತು. ಫೈಲಿನ ಮೇಲಿದ್ದ ನಂಬರು ಅವಳದೇ, ಒಳಗಿದ್ದ ಹಳೆಯ ಹಾಳೆ ಯಾವತ್ತೋ ತೀರಿಕೊಂಡವರದು. ಅವತ್ತು ಸಂಜೆ ಅತ್ತೆ ನಮ್ಮ ಮನೆಗೆ ಬಂದು ಕೂತಳು. ಅಮ್ಮ ತಟ್ಟೆ ಇಟ್ಟಳು. ಅತ್ತೆ ಎದ್ದು ಕೈತೊಳೆದಳು, ಬಂದು ಕೂತಳು, ಮತ್ತೆ ಎದ್ದು ಕೈತೊಳೆದಳು.

"ಅಣ್ಣ, ಆ ಫೈಲನ್ನ ಮೇಲಕ್ಕೆ ತಗೊಂಡು ಹೋಗಿ ಕೊಟ್ಟಿದ್ದು ನಾನೇ," ಎಂದಳು.

"ನಂಬರ್ ಹಂಚಿದ್ದು ನೀನಲ್ಲವಲ್ಲ," ಎಂದ ಅಪ್ಪ.

"ಕೊಟ್ಟಿದ್ದು ಈ ಕೈ."

ಅದಾದ ಆರು ತಿಂಗಳಿಗೆ ಅವಳು ಕಂಪ್ಯೂಟರ್ ಕೊಂಡಳು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ತಲೆ ತಿಂದು, ವಿಕಿ ಮಾಡುವುದನ್ನು ಕಲಿತಳು. ವಿಕಿ ಎಂದರೆ ಮತ್ತೇನಲ್ಲ, ಒಂದಕ್ಕೊಂದು ಕೊಂಡಿ ಹಾಕಿದ ಪುಟಗಳು. ಒಂದರಲ್ಲಿರುವ ನೀಲಿ ಪದ ಒತ್ತಿದರೆ ಇನ್ನೊಂದು ತೆರೆಯುತ್ತದೆ. ಅತ್ತೆಯದು ಮನೆಮಂದಿಗೆ ಮಾತ್ರದ ವಿಕಿ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಪುಟ: ಯಾವಾಗ ಯಾವ ಜ್ವರ, ಯಾವ ಹಲ್ಲು ಕಿತ್ತದ್ದು, ಯಾವ ಮಾತ್ರೆ. ನೀರಿನ ಮೋಟರಿಗೂ ಒಂದು ಪುಟ, ಬೀದಿ ಬಾಗಿಲ ಬೀಗಕ್ಕೂ ಒಂದು. ವಾರಕ್ಕೊಮ್ಮೆ ಕೂತು, ಯಾವ ಕೊಂಡಿ ಕಡಿದಿದೆ, ಯಾವ ಪುಟಕ್ಕೆ ಯಾವ ಕಡೆಯಿಂದಲೂ ದಾರಿ ಇಲ್ಲ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ‘ಇತರೆ’ ಎಂಬ ಹೆಸರಿನ ಪುಟ ಮಾಡಲು ಯಾರಿಗೂ ಅನುಮತಿ ಇರಲಿಲ್ಲ. ‘ಇತರೆ’ಗೆ ಹೋದದ್ದು ಬಾವಿಗೆ ಬಿದ್ದ ಹಾಗೆ ಎನ್ನುತ್ತಿದ್ದಳು.

ಜಗಳ ಹತ್ತಿದ್ದು ಪುಟಗಳ ಹೆಸರಿನ ಮೇಲೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅತ್ತೆಗೆ ಅಣ್ಣನಾದವನು ನನಗೆ ಅಪ್ಪ. ಅವಳಿಗೆ ಅಪ್ಪನಾದವನು ನನಗೆ ಅಜ್ಜ. ಯಾರ ಕಣ್ಣಿನಿಂದ ನೋಡಿ ಹೆಸರಿಡಬೇಕು? ಅತ್ತೆ ಎರಡು ದಿನ ಯೋಚಿಸಿ ತೀರ್ಪು ಕೊಟ್ಟಳು: ಮನೆಯ ಅತಿ ಚಿಕ್ಕವರು ಏನೆಂದು ಕರೆಯುತ್ತಾರೋ ಅದೇ ಪುಟದ ಹೆಸರು. ಕೊನೆಗೆ ಆಸ್ಪತ್ರೆಗೆ ಓಡಾಡುವವರು ಚಿಕ್ಕವರೇ ತಾನೇ ಎಂದಳು. ಆಗ ಅತಿ ಚಿಕ್ಕವನು ತಮ್ಮ. ಹಾಗಾಗಿ ಪುಟಗಳು ‘ಅಜ್ಜ’, ‘ಅಪ್ಪ’, ‘ಅಮ್ಮ’, ‘ಅತ್ತೆ’, ‘ಅಕ್ಕ’ ಆದವು. ಮದುವೆಯಾಗಿ ನಾನು ಪಕ್ಕದ ಬೀದಿಗೇ ಹೋದ ಮೇಲೆ ನನ್ನ ಗಂಡನದು ‘ಭಾವ’ ಆಯಿತು.

ಆಮೇಲೆ ಕಾರ್ಡುಗಳು ಬಂದವು. ಪ್ಲಾಸ್ಟಿಕ್ ಹೊದಿಸಿದ ಅಂಗೈ ಅಗಲದ ಕಾರ್ಡು, ಅದರ ಮೇಲೆ ಒಂದು ಕ್ಯೂಆರ್ ಕೋಡು, ಕೆಳಗೆ ‘ತುರ್ತು ಚಿಕಿತ್ಸೆಗೆ ಸ್ಕ್ಯಾನ್ ಮಾಡಿ’ ಎಂಬ ಒಂದೇ ಸಾಲು. ಸ್ಕ್ಯಾನ್ ಮಾಡಿದವರಿಗೆ ಪುಟ ಪೂರ್ತಿ ಕಾಣುವುದಿಲ್ಲ, ಪುಟದ ಹೆಸರೂ ಕಾಣುವುದಿಲ್ಲ. ನಾಲ್ಕು ಸಾಲು ಮಾತ್ರ: ರಕ್ತದ ಗುಂಪು, ಒಗ್ಗದ ಔಷಧಿ, ದಿನದ ಮಾತ್ರೆ, ಫೋನ್ ನಂಬರು. ಕಾರ್ಡು ಬಿದ್ದುಹೋಗಿ ಯಾರ ಕೈಗೋ ಸಿಕ್ಕರೆ ಅದು ಯಾರದೆಂದು ತಿಳಿಯಬಾರದು. ರೋಗಿಯ ಗುಟ್ಟು ಕಾಯುವುದು ಅವಳ ರಕ್ತದಲ್ಲೇ ಇತ್ತು. ಕಾರ್ಡನ್ನು ಪರ್ಸಿನಲ್ಲಿ ಇಡಕೂಡದು, ಶರ್ಟಿನ ಜೇಬಿನಲ್ಲೇ ಇಡಬೇಕು. ಪರ್ಸು ಕಳ್ಳರ ಪಾಲು, ಶರ್ಟಿನ ಜೇಬು ಡಾಕ್ಟರ ಪಾಲು ಎನ್ನುತ್ತಿದ್ದಳು.

ಈ ಎಲ್ಲ ಏರ್ಪಾಟೂ ನಿಜವಾಗಿ ಒಬ್ಬನಿಗಾಗಿ. ಅಪ್ಪನಿಗೆ ಪೆನಿಸಿಲಿನ್ ಆಗುತ್ತಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಒಂದು ಇಂಜೆಕ್ಷನ್ ಬಿದ್ದು ಮೈಯೆಲ್ಲ ಊದಿ, ತುಟಿ ನೀಲಿಯಾಗಿ, ಉಸಿರು ನಿಂತೇಹೋಗಿತ್ತಂತೆ. ಅಜ್ಜ ಎತ್ತಿಕೊಂಡು ಓಡಿದ್ದು, ಏಳು ವರ್ಷದ ಅತ್ತೆ ಹಿಂದೆ ಹಿಂದೆ ಓಡಿದ್ದು, ಅವನ ಒಂದು ಚಪ್ಪಲಿ ದಾರಿಯಲ್ಲಿ ಬಿದ್ದದ್ದು, ಎಲ್ಲವೂ ಅವನ ಪುಟದಲ್ಲಿತ್ತು. ಮತ್ತೊಂದು ಸಲ ಅದು ಮೈಗೆ ಹೋದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಎಚ್ಚರವಿದ್ದಾಗ ಅಪ್ಪ ತಾನೇ ಎಲ್ಲರಿಗೂ ಹೇಳುತ್ತಿದ್ದ, ಹಲ್ಲಿನ ಡಾಕ್ಟರಿಗೂ, ಕ್ಷೌರದವನಿಗೂ. ಎಚ್ಚರ ತಪ್ಪಿದರೆ ಹೇಳುವುದು ಕಾರ್ಡು. ಅವನದು ಬಡಗಿ ಕೆಲಸ. ಏಣಿ ಹತ್ತಿ ಶಾಲೆಗಳಿಗೆ, ಲೈಬ್ರರಿಗಳಿಗೆ ಗೋಡೆ ಕಪಾಟು ಕೂರಿಸುತ್ತಿದ್ದ.

ಅಜ್ಜ ತೀರಿಕೊಂಡ. ಅವನ ಪುಟವನ್ನು ಅತ್ತೆ ಅಳಿಸಲಿಲ್ಲ, ಕೊನೆಯಲ್ಲಿ ಒಂದು ತಾರೀಖು ಹಾಕಿ ಹಾಗೇ ಬಿಟ್ಟಳು. ಮರುವರ್ಷ ನನಗೆ ಮಗಳು ಹುಟ್ಟಿದಳು. ಅವಳಿಗೆ ಮಾತು ಬಂತು. ಅಪ್ಪನನ್ನು "ಅಜ್ಜ" ಎಂದಳು, ನನ್ನ ಗಂಡನನ್ನು "ಅಪ್ಪ" ಎಂದಳು. ಈಗ ಮನೆಗೆ ಅತಿ ಚಿಕ್ಕವಳು ಅವಳು. ಅತ್ತೆಯ ತೀರ್ಪಿನ ಪ್ರಕಾರ ಪುಟಗಳ ಹೆಸರು ಬದಲಾಗಬೇಕಿತ್ತು.

"ಆಗಲ್ಲ," ಎಂದಳು ಅತ್ತೆ. "ಹೋದವರ ಹೆಸರನ್ನ ಇರೋರಿಗೆ ಇಡಲ್ಲ. ಇದ್ದ ಹಾಗೇ ಇರ್ಲಿ."

"ಹಾಗಾದ್ರೆ ಅತಿ ಚಿಕ್ಕವರ ಲೆಕ್ಕ ಅಂತ ಯಾಕೆ ಹೇಳಿದ್ದು?"

"ತಪ್ಪಾಯ್ತು ಕಣೇ. ಹೇಳಬಾರದಿತ್ತು."

ಅಪ್ಪ ನಕ್ಕು, "ನನಗೆ ಬಡ್ತಿ ತಪ್ಪಿಹೋಯ್ತು ನೋಡು," ಎಂದು ಮೊಮ್ಮಗಳನ್ನು ಹೆಗಲಿಗೇರಿಸಿಕೊಂಡು ಹೋದ. ಅವನಿಗೆ ಅದು ತಮಾಷೆ. ನನಗೆ ಮಾತ್ರ ಒಳಗೆ ಕೊರೆಯುತ್ತಿತ್ತು. ತಮ್ಮನಿಗೆ ಒಂದು ನ್ಯಾಯ, ನನ್ನ ಮಗಳಿಗೆ ಒಂದು ನ್ಯಾಯವಾ? ಮದುವೆಯಾಗಿ ಹೋದವಳ ಮಗು ಎಂದು ತಾನೇ? ಅತ್ತೆಯ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ನನಗೂ ಗೊತ್ತಿತ್ತು. ಆದರೂ ಸಿಟ್ಟು ಬಂದಿತ್ತು, ಬಂದ ಸಿಟ್ಟನ್ನು ಸಾಕಿಕೊಂಡೆ.

ಅದೇ ಸಮಯಕ್ಕೆ ಅತ್ತೆಯ ಕಣ್ಣಿನ ಪೊರೆ ತೆಗೆಸಬೇಕಾಯಿತು. ಮೊದಲು ಎಡಗಣ್ಣು, ತಿಂಗಳು ಬಿಟ್ಟು ಬಲಗಣ್ಣು. ಪೂರಾ ವಾಸಿಯಾಗುವವರೆಗೆ ಕಂಪ್ಯೂಟರ್ ಮುಂದೆ ಕೂರುವಂತಿಲ್ಲ ಎಂದರು ಡಾಕ್ಟರು. ಹೊತ್ತು ಹೊತ್ತಿಗೆ ಹನಿ ಹಾಕುವ ಕೆಲಸ ನನ್ನದಾಯಿತು. ವಿಕಿಯ ಕೆಲಸವೂ. ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಿ, "ಹೊಸದು ಏನಿದ್ರೂ ಸೇರಿಸು, ಹೆಸರು ಮಾತ್ರ ಮುಟ್ಬೇಡ ಮರಿ," ಎಂದಳು.

ಎಡಗಣ್ಣಿಗೆ ಪಟ್ಟಿ ಕಟ್ಟಿದ ಮರುದಿನ, ಒಂದು ಬುಧವಾರ, ಸಂಜೆ ನಾಲ್ಕೂ ಕಾಲರ ಹೊತ್ತಿಗೆ ನಾನು ಹೆಸರು ಮುಟ್ಟಿದೆ. ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಕೆಳಗೆ ದರ್ಜಿಯ ಮಿಷನ್ನು ಓಡುತ್ತಿತ್ತು. ಮೊದಲು ‘ಅಜ್ಜ’ನನ್ನು ‘ಮುತ್ತಜ್ಜ’ ಮಾಡಿದೆ. ಆಮೇಲೆ ‘ಅಪ್ಪ’ನನ್ನು ‘ಅಜ್ಜ’ ಮಾಡಿದೆ. ಪುಟದ ಹೆಸರು ಬದಲಾದರೆ ವಿಕಿ ಹಳೆಯ ಹೆಸರಿನ ಜಾಗದಲ್ಲಿ ಒಂದು ಕೈಮರ ನಿಲ್ಲಿಸುತ್ತದೆ. ಹಳೆಯ ಹೆಸರು ಹುಡುಕಿ ಬಂದವರನ್ನು ಅದು ಹೊಸ ಪುಟಕ್ಕೆ ಕಳಿಸುತ್ತದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಮೂರನೆಯದಾಗಿ ‘ಭಾವ’ನನ್ನು ‘ಅಪ್ಪ’ ಮಾಡಲು ಹೋದೆ. ಈ ಹೆಸರಿನಲ್ಲಿ ಆಗಲೇ ಒಂದು ಕೈಮರವಿದೆ, ಅದನ್ನು ಕಿತ್ತು ಮುಂದುವರಿಯಬೇಕೇ ಎಂದು ವಿಕಿ ಕೇಳಿತು. ಹೌದು ಎಂದು ಒತ್ತಿದೆ. ಹೆಂಗಸರ ಪುಟಗಳನ್ನು ಇನ್ನೊಂದು ದಿನ ಮಾಡಿದರಾಯಿತು ಎಂದು ಎದ್ದೆ.

ನಾನು ತೀರಾ ಬೇಜವಾಬ್ದಾರಿಯವಳಲ್ಲ. ಮನೆಗೆ ಬಂದು ನನ್ನ ಕಾರ್ಡು ಸ್ಕ್ಯಾನ್ ಮಾಡಿದೆ, ಸರಿ ಬಂತು. ಗಂಡನದು ಮಾಡಿದೆ, ಅದೂ ಸರಿ ಬಂತು. ಅಪ್ಪನ ಕಾರ್ಡು ಅಪ್ಪನ ಶರ್ಟಿನ ಜೇಬಿನಲ್ಲಿತ್ತು, ಅಪ್ಪ ಕೆಲಸಕ್ಕೆ ಹೋಗಿದ್ದ. ಆಮೇಲೆ ನೋಡಿದರಾಯಿತು ಎಂದುಕೊಂಡೆ. ಮರೆತೆ. ಆ ಕಾರ್ಡಿನ ಕೋಡು ಹುಡುಕಿಕೊಂಡು ಹೋಗುತ್ತಿದ್ದದ್ದು ‘ಅಪ್ಪ’ ಎಂಬ ಹೆಸರಿನ ಪುಟವನ್ನು. ಆ ಹೆಸರಿನಲ್ಲಿ ಈಗ ಕೂತಿದ್ದದ್ದು ನನ್ನ ಗಂಡ.

ಹೀಗೆ ಹತ್ತೊಂಬತ್ತು ದಿನ ಅಪ್ಪ ಎದೆಯ ಮೇಲೆ ಬೇರೊಬ್ಬನ ಮೈಯ ವಿವರ ಹೊತ್ತು ಓಡಾಡಿದ. ಏಣಿ ಹತ್ತಿದ, ಇಳಿದ. ಮೊಮ್ಮಗಳಿಗೆ ಒಂದು ಪುಟ್ಟ ಕುರ್ಚಿ ಮಾಡಿಕೊಟ್ಟ. ಅತ್ತೆ ಮಾತ್ರ ಹನಿ ಹಾಕಿಸಿಕೊಳ್ಳುವಾಗಲೆಲ್ಲ ಕೇಳುತ್ತಿದ್ದಳು.

"ಹೆಸರು ಏನೂ ಮುಟ್ಟಿಲ್ಲ ತಾನೇ?"

"ಇಲ್ಲ ಅತ್ತೆ."

"ಏನೋ ಮನಸ್ಸಿಗೆ ಸಮಾಧಾನವೇ ಇಲ್ಲ ಕಣೇ. ಕಣ್ಣು ಕಾಣದೇ ಇರೋದಕ್ಕೆ ಹೀಗೋ ಏನೋ."

"ಸುಮ್ನೆ ಮಲಗು. ಹನಿ ಆಚೆ ಬರುತ್ತೆ."

ಹತ್ತೊಂಬತ್ತನೇ ದಿನ ಸೋಮವಾರ. ಅಪ್ಪ ನಾಲ್ಕು ಗಂಟೆ ದಾರಿಯ ಊರಿನ ಶಾಲೆಯೊಂದಕ್ಕೆ ಒಬ್ಬನೇ ಹೋಗಿದ್ದ. ನನ್ನ ಗಂಡನಿಗೆ ರಜೆ. ಅಡುಗೆಮನೆಯಲ್ಲಿ ಸೋರುವ ನಲ್ಲಿ ಬಿಚ್ಚಿ ಕೂತಿದ್ದರು. ಹನ್ನೊಂದೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಯಾವುದೋ ಆಸ್ಪತ್ರೆಯ ಕೌಂಟರಿನ ಹೆಂಗಸು.

"ಒಬ್ಬರು ಗಂಡಸು ನಮ್ಮಲ್ಲಿ ಅಡ್ಮಿಟ್ ಆಗಿದ್ದಾರೆ ಮೇಡಂ. ಎತ್ತರದಿಂದ ಬಿದ್ದಿದ್ದಾರೆ, ಪ್ರಜ್ಞೆ ಇಲ್ಲ. ಜೇಬಲ್ಲಿ ಒಂದು ಕಾರ್ಡ್ ಸಿಕ್ತು, ಅದರಲ್ಲಿ ನಿಮ್ಮ ನಂಬರ್ ಇದೆ. ಬಿ ಪಾಸಿಟಿವ್, ದಿನಾ ಥೈರಾಯ್ಡ್ ಮಾತ್ರೆ. ನಿಮ್ಮ ಮನೆಯವರೇನಾ?"

ಥೈರಾಯ್ಡ್ ಮಾತ್ರೆ ನುಂಗುವವರು ನಮ್ಮಲ್ಲಿ ಒಬ್ಬರೇ. ಆ ಒಬ್ಬರು ನನ್ನೆದುರು ಸ್ಪ್ಯಾನರ್ ಹಿಡಿದು, ಮುಖಕ್ಕೆಲ್ಲ ನೀರು ಸಿಡಿಸಿಕೊಂಡು ಕೂತಿದ್ದರು. ಹೋದ ಜೀವ ಬಂದಂತಾಗಿ ನನಗೆ ನಗು ಬಂತು. ನಿಜವಾಗಿ, ನಾನು ನಕ್ಕೆ.

"ಅವರು ಇಲ್ಲೇ ಮನೇಲಿದ್ದಾರೆ. ಕಾರ್ಡ್ ಎಲ್ಲೋ ಬೀಳಿಸಿಕೊಂಡಿರಬೇಕು, ಯಾರಿಗೋ ಸಿಕ್ಕಿದೆ."

"ಹೌದಾ? ಸರಿ ಮೇಡಂ," ಎಂದು ಆಕೆ ಫೋನಿಟ್ಟಳು. ನಾನೂ ಇಟ್ಟೆ.

"ನೋಡ್ರೀ, ನಿಮ್ಮ ಕಾರ್ಡು ಊರು ಸುತ್ತಿ ಆಸ್ಪತ್ರೆ ಸೇರಿದೆ," ಎಂದೆ.

ಅವರು ಒದ್ದೆ ಕೈ ಒರೆಸಿಕೊಂಡು ಶರ್ಟಿನ ಜೇಬಿಗೆ ಕೈ ಹಾಕಿದರು. "ಇಲ್ಲೇ ಇದೆಯಲ್ಲ," ಎಂದು ಕಾರ್ಡು ತೆಗೆದು ತೋರಿಸಿದರು.

ಆ ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ. ಹಾಗಾದರೆ ಅಲ್ಲಿ ಸಿಕ್ಕಿದ್ದು ಯಾರ ಕಾರ್ಡು? ಆಮೇಲೆ ಆ ಬುಧವಾರದ ಮೂರು ಬದಲಾವಣೆಗಳೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಅಪ್ಪನಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಆಸ್ಪತ್ರೆಯ ನಂಬರಿಗೆ ಮಾಡಿದೆ, ಬೇರೆ ಕರೆಯಲ್ಲಿದ್ದಾರೆ. ಮತ್ತೆ ಮಾಡಿದೆ. ಮತ್ತೆ. ನನ್ನ ಗಂಡ ತಮ್ಮ ಫೋನಿನಿಂದಲೂ ಮಾಡಿದರು. ಹನ್ನೊಂದು ನಿಮಿಷ. ಗಡಿಯಾರ ನೋಡುತ್ತಲೇ ಇದ್ದೆ, ಹಾಗಾಗಿ ಗೊತ್ತು. ಕೊನೆಗೆ ಸಿಕ್ಕಿತು, ಅದೇ ಹೆಂಗಸು.

"ಆ ಕಾರ್ಡಿನಲ್ಲಿ ಇರೋದು ತಪ್ಪು. ಅವರು ನಮ್ಮಪ್ಪ. ಪೆನಿಸಿಲಿನ್ ಕೊಡಬೇಡಿ. ಓಡಿ ಹೋಗಿ ಹೇಳಿ, ದಯವಿಟ್ಟು ಓಡಿ."

ಆಕೆ ಓಡಿದಳು. ಆಕೆಯ ಚಪ್ಪಲಿಯ ಸದ್ದು ನನಗೆ ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಬ್ಬ ಗಂಡಸಿನ ದನಿ, ತುಂಬ ಮೆಲ್ಲಗೆ, "ನೀವು ಅವರ ಮಗಳಾ?" ಎಂದು ಕೇಳಿತು.

ಕಾಲಿನ ಮೂಳೆ ಮುರಿದು ಚರ್ಮ ಸೀಳಿ ಆಚೆ ಬಂದಿತ್ತಂತೆ. ಗಾಯ ಕೀವಾಗದಿರಲಿ ಎಂದು ಪೆನಿಸಿಲಿನ್ ಇಂಜೆಕ್ಷನ್ ಹಾಕಿದ್ದರು. ಕಾರ್ಡು ನೋಡಿಯೇ ಹಾಕಿದ್ದು, ಅವರದೇನೂ ತಪ್ಪಿಲ್ಲ. ಆ ಹೆಂಗಸು ಮೊದಲ ಸಲ ನನಗೆ ಫೋನು ಮಾಡಿದಾಗ ಇಂಜೆಕ್ಷನ್ನು ಇನ್ನೂ ತುಂಬುತ್ತಿದ್ದರಂತೆ. ನಕ್ಕು ಇಡದೆ, ಅಲ್ಲೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಾವು ಹೋಗಿ ತಲುಪುವ ಹೊತ್ತಿಗೆ ಅಪ್ಪನ ತುಟಿ ನೀಲಿಯಾಗಿತ್ತು. ಮರುದಿನ ಬೆಳಿಗ್ಗೆ ಅವನು ಹೋಗಿಬಿಟ್ಟ.

ಹದಿನೈದು ದಿನ ಕಳೆದ ಮೇಲೆ ತಮ್ಮ ಅತ್ತೆಯ ಮನೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ. ನಾನೂ ಅಮ್ಮನೂ ಜೊತೆಗಿದ್ದೆವು. ವಿಕಿಯಲ್ಲಿ ಏನೂ ಮುಚ್ಚಿಡಲಾಗದು. ಯಾರು, ಯಾವತ್ತು, ಎಷ್ಟು ಹೊತ್ತಿಗೆ ಏನು ಬದಲಾಯಿಸಿದರು ಎಂಬ ಪಟ್ಟಿ ಪ್ರತಿ ಪುಟದ ಹಿಂದೆಯೂ ಇರುತ್ತದೆ. ತಮ್ಮ ಮೂರು ಸಾಲು ಗಟ್ಟಿಯಾಗಿ ಓದಿದ. ಮೂರರ ಪಕ್ಕದಲ್ಲೂ ಇದ್ದದ್ದು ಅತ್ತೆಯ ಲಾಗಿನ್. ನಾನು ಕೂತದ್ದು ಅವಳ ಪಾಸ್‌ವರ್ಡಿನಲ್ಲಿ.

ತಾರೀಖು ಕೇಳಿದೊಡನೆ ಅತ್ತೆಗೆ ತಿಳಿಯಿತು. ಅವತ್ತು ಅವಳ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿಗೆ ಪೊರೆ. ಕಂಪ್ಯೂಟರ್ ಮುಟ್ಟಿದವರು ಯಾರು ಎಂದು ಅವಳನ್ನೂ ನನ್ನನ್ನೂ ಬಿಟ್ಟು ಮತ್ತಾರಿಗೂ ಗೊತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು, ತಿರುಗಿ ಬೇಗನೆ ಮುಖ ಆಚೆ ಮಾಡಿಕೊಂಡಳು.

"ನಾನೇ ಬದಲಾಯಿಸಿದ್ದು," ಎಂದಳು. "ಮಗು ಅಜ್ಜ ಅಂತ ಕರೀತಿತ್ತಲ್ಲ, ಆಸೆ ಆಯ್ತು. ಪಟ್ಟಿ ಸರಿಸಿ ಕೂತೆ."

ಅಮ್ಮ ಕೂಗಾಡಲಿಲ್ಲ. "ಮೂವತ್ತೊಂದು ವರ್ಷ ಊರಿಗೆಲ್ಲ ಪಾಠ ಹೇಳಿದೆ," ಎಂದಳು. "ನಮ್ಮ ಮನೆಗೆ ಬಂದಾಗ ನಿನಗೆ ಆಸೆ ಆಯ್ತಾ?" ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ತಮ್ಮ ಅವಳ ಹಿಂದೆ ಹೋದ. ನಾನು ಅಲ್ಲೇ ಕೂತಿದ್ದೆ. ಬಾಯಿ ತೆರೆಯಬಹುದಿತ್ತು, ಯಾರೂ ಹಿಡಿದುಕೊಂಡಿರಲಿಲ್ಲ.

ಒಂದು ವಾರ ಬಿಟ್ಟು ಅತ್ತೆಯನ್ನು ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. ಬಲಗಣ್ಣಿಗೆ ಹನಿ ಹಾಕುತ್ತಿದ್ದೆ.

"ಅವಳಿಗೆ ಗಂಡ ಹೋದ," ಎಂದಳು. "ಮಗಳೂ ಹೋಗ್ಬೇಕಾ?"

"ನಾನು ಅಮ್ಮನಿಗೆ ಹೇಳ್ತೀನಿ ಅತ್ತೆ."

"ಹೇಳೋದಿದ್ರೆ ಅವತ್ತೇ ಹೇಳ್ತಿದ್ದೆ ನೀನು," ಎಂದಳು. ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವಳ ಅಭ್ಯಾಸ.

ವಿಕಿಯನ್ನು ಅವಳು ಆಮೇಲೆ ತೆರೆಯಲಿಲ್ಲ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ, ಕೆಳಗೆ ದರ್ಜಿಗೆ ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ. ನಮ್ಮ ಮನೆಗೆ ಬರುವುದಿಲ್ಲ, ಅಮ್ಮ ಕರೆಯುವುದಿಲ್ಲ. ಬೀದಿಯಲ್ಲಿ ಎದುರಾದರೆ ಅಮ್ಮ ಆಚೆ ಬದಿಗೆ ದಾಟುತ್ತಾಳೆ. ನಾನು ವಾರಕ್ಕೊಮ್ಮೆ, ಅಮ್ಮನಿಗೆ ಗೊತ್ತಾಗದ ಹಾಗೆ, ಮಗಳನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋಗುತ್ತಿದ್ದೆ. ಮಗು ಅವಳ ಮಡಿಲಲ್ಲಿ ಕೂತು ಹರಟುತ್ತಿತ್ತು. ಅವಳ ವಾರದಲ್ಲಿ ತನ್ನವರ ದನಿ ಅಂತ ಇದ್ದದ್ದು ಅದೊಂದೇ.

ನಿನ್ನೆ ಅಮ್ಮನಿಗೆ ಗೊತ್ತಾಯಿತು. ಮಗುವೇ ಬಾಯಿಬಿಟ್ಟಿತು. ಅಮ್ಮ ನನ್ನನ್ನು ಬೈಯಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ನೀನು ಒಳ್ಳೆಯವಳು, ನಿನಗೆ ಯಾರ ಮೇಲೂ ಸಿಟ್ಟು ನಿಲ್ಲಲ್ಲ," ಎಂದಳು. "ಆದ್ರೆ ಮಗೂನ ಇನ್ನು ಅಲ್ಲಿಗೆ ಕರ್ಕೊಂಡು ಹೋಗ್ಬೇಡ. ನನ್ನ ಗಂಡನ್ನ ತಿಂದವಳ ಮಡಿಲು ಅದು."

ಮಗಳು ನನ್ನ ಮುಂದೆ ಬೆನ್ನು ಮಾಡಿ ಕೂತಿದ್ದಳು, ನಾನು ಅವಳ ತಲೆ ಬಾಚುತ್ತಿದ್ದೆ.

"ಆಯ್ತಮ್ಮ," ಎಂದೆ.